ತಾಯವ್ವ ಓದಿದ ಅಕ್ಷರ

"ನೀ ಇದನ್ನ ಮುಟ್ಟಿದ್ಯೇನಬೇ?"

ಫಕೀರೇಶ ಕುರ್ಚಿಯಿಂದ ಅಲುಗದೆ ಕೇಳಿದ. ಮುಖ ತಾಯಿಯ ಕಡೆ ತಿರುಗಿರಲಿಲ್ಲ. ಬೆರಳುಗಳು ಮಾತ್ರ ಕೀಲಿಮಣೆಯ ಮೇಲೆ ಅವೇ ಎರಡು ಕೀಲಿಗಳನ್ನು ಮತ್ತೆ ಮತ್ತೆ ಒತ್ತುತ್ತಿದ್ದವು. ಮೇಜಿನ ಮೇಲಿದ್ದ ಎರಡು ಸಣ್ಣ ಸ್ಪೀಕರುಗಳು ಬಾಯಿ ಬಿಡಲಿಲ್ಲ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯವ್ವನ ಕೈ ನಿಂತಿತು. "ಮುಂಜಾನಿ ಒರಸೇನಿ," ಎಂದಳು. "ಹತ್ತಿ ಧೂಳ ಕುಂತಿತ್ತು ಅದರ ಮ್ಯಾಲ. ಒಣಾ ಅರಬೀಲೆ ಒರಸೇನಿ, ನೀರು ತಾಗಿಸಿಲ್ಲ."

"ವೈರ್ ಎಳದೀ?"

"ಒಂದು ತಾನ ಕಿತ್ತಕೊಂಡು ಬಂತು. ಅದ ತೂತಿನ್ಯಾಗ ತಿರಗಿ ಹಾಕೇನಿ."

"ಓದಾಕ ಬರದಾಕಿ ಇದಕ ಯಾಕ ಕೈ ಹಚ್ಚಾಕ ಹೋಗ್ತಿ ನೀ?"

ತಾಯವ್ವ ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿದಳು. ಅದಾಗಲೇ ಒಂದು ಕಡೆ ಕರಿಯಾಗಿತ್ತು. ಈ ಮಾತನ್ನು ಅವಳು ಕೇಳುತ್ತಿದ್ದುದು ಮೊದಲ ಸಲವೇನಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನ ಬೋರ್ಡು ಯಾವ ಊರಿನದೆಂದು ಕೇಳಿದಾಗ, ಯಾರುಯಾರೋ ಅಂದಿದ್ದರು. ಮಗ ಮಾತ್ರ ಅಂದಿರಲಿಲ್ಲ.

"ನಾಕು ಗಂಟೆದೊಳಗ ಕಳಸಬೇಕು ಯವ್ವಾ," ಎಂದ ಫಕೀರೇಶ. ಈ ಸಲ ದನಿ ಸಣ್ಣದಾಗಿತ್ತು. "ಇನ್ನೂ ಮೂರು ಮಿನಿಟಿಂದು ಬರಿಯೂದು ಬಾಕಿ ಐತಿ. ಇದು ಮಾತ ಆಡವಲ್ದು."

ಫಕೀರೇಶನಿಗೆ ಮೂವತ್ತಮೂರು ವರ್ಷ. ಒಂಬತ್ತು ವರ್ಷ ನವಲಗುಂದದ ಒಂದು ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡಿದ್ದ. ಅರ್ಜಿ, ಕರಾರುಪತ್ರ, ಮದುವೆಯ ಕಾರ್ಡು, ಯಾವುದು ಬಂದರೂ ಎದುರಿನವರ ಮುಖ ನೋಡುತ್ತಲೇ ಹೊಡೆದು ಮುಗಿಸುತ್ತಿದ್ದ. ಮೊದಲು ಕಣ್ಣಿನ ಅಂಚುಗಳು ಕತ್ತಲಾದವು. ತನ್ನೂರು ಮೊರಬಕ್ಕೆ ಮರಳುವ ದಾರಿಯಲ್ಲಿ ಬಾಜೂಕಿನಿಂದ ಬಂದ ಎಮ್ಮೆ ಕಾಣದೆ ಎರಡು ಸಲ ಗಾಡಿಯಿಂದ ಬಿದ್ದ. ಹುಬ್ಬಳ್ಳಿಯ ಡಾಕ್ಟರು ಬಹಳ ಹೊತ್ತು ನೋಡಿ, ಕಣ್ಣಿನ ನರ ಒಣಗುತ್ತ ಬಂದಿದೆ, ಉಳಿದಷ್ಟನ್ನು ಹಿಡಿದಿಡಲು ನೋಡೋಣ ಎಂದರು. ಹನಿ ಹಾಕಿದರು, ಆಪರೇಶನ್ ಮಾಡಿದರು. ಎರಡು ವರ್ಷಗಳಲ್ಲಿ ಉಳಿದದ್ದೂ ಹೋಯಿತು. ಅಪ್ಪ ಸಣ್ಣಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ತಾಯಿ, ಮಗ ಇಬ್ಬರೇ.

ಸೆಂಟರು ಬಿಡುವಾಗ ಮಾಲಕರು ಅವನು ಬಳಸುತ್ತಿದ್ದ ಕಂಪ್ಯೂಟರನ್ನೇ ಅವನಿಗೆ ಕೊಟ್ಟು ಕಳಿಸಿದ್ದರು. ಅದು ಒಂದೂವರೆ ವರ್ಷ ತಾಯವ್ವನ ಹಳೆಯ ಸೀರೆಯ ತುಂಡು ಹೊದ್ದುಕೊಂಡು ಮೂಲೆಯಲ್ಲಿ ಕುಳಿತಿತ್ತು. ಮಧ್ಯಾಹ್ನ ಹೊಲದಿಂದ ಬಂದಾಗ ಒಮ್ಮೊಮ್ಮೆ ತಾಯವ್ವ ನೋಡುತ್ತಿದ್ದಳು: ಮಗ ಆ ಅರಿವೆಯ ಮೇಲೆಯೇ ಎರಡೂ ಕೈ ಇಟ್ಟು, ಕೆಳಗಿನ ಕೀಲಿಗಳನ್ನು ಒಂದೊಂದಾಗಿ ಒತ್ತುತ್ತ ಕುಳಿತಿರುತ್ತಿದ್ದ. ಅವಳು ಕೆಮ್ಮಿದರೆ ಕೈ ತೆಗೆದುಬಿಡುತ್ತಿದ್ದ.

ಅದನ್ನು ಅವಳು ಹಿಂದಿನ ಓಣಿಯ ಮೈಮುನಬಿಗೆ ಹೇಳಿಕೊಂಡಳು. ಹೊಲದ ಕೆಲಸಕ್ಕೆ ಹೋದಾಗ ಇಬ್ಬರದೂ ಸಾಲು ಯಾವಾಗಲೂ ಬಾಜೂಬಾಜೂ. ಮೈಮುನಬಿಯ ಮಗಳು ಮುಬಶಿರಾ ನವಲಗುಂದದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮುಂದಿನ ರವಿವಾರ ಅವಳು ಕೈಯಲ್ಲೊಂದು ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲಿ ನಿಂತಳು.

"ನಮ್ಮ ಕಾಲೇಜಿನಾಗ ಗೌತಮಿ ಅಂತ ಒಬ್ಬಾಕಿ ಹುಡುಗಿ ಅದಾಳ ಅಣ್ಣಾ. ಹುಟ್ಟಿದಾಗಿಂದ ಕಣ್ಣಿಲ್ಲ. ನನಗಿಂತ ಜಲ್ದಿ ಓದತಾಳ," ಎಂದಳು. "ಪರದೆ ಮ್ಯಾಲಿನ ಅಕ್ಷರಾ ಬಾಯಿಬಿಟ್ಟು ಓದಿ ಹೇಳೂ ಇದನ್ನ ಆಕೀನ ನನಗ ತೋರಿಸಿಕೊಟ್ಟಾಕಿ. ನಿಮ್ಮದು ಹಳೇ ಮಷೀನು, ಅದರಾಗಿನ ಹಳೇ ಸಾಫ್ಟ್‌ವೇರ್ ತಗದು ಲಿನಕ್ಸ್ ಹಾಕೋಣು. ಅದು ಹಗರ ಐತಿ, ಮುದಕ ಮಷೀನಿಗೂ ಹೊಂದಕೊಂಡ ಹೋಗ್ತೈತಿ."

ಆ ದಿನ ಮುಂಜಾನೆ ಹತ್ತಕ್ಕೆ ಕುಳಿತವಳು ಮೂರು ಗಂಟೆಯ ತನಕ ಏಳಲಿಲ್ಲ. ಮೊದಲು ಪೆನ್‌ಡ್ರೈವನ್ನು ಕಂಪ್ಯೂಟರು ಗುರುತಿಸಲೇ ಇಲ್ಲ. ಒಳಗಿನ ಸೆಲ್ಲು ಸತ್ತಿದ್ದರಿಂದ ಅದರ ಗಡಿಯಾರ ಎಷ್ಟೋ ವರ್ಷ ಹಿಂದೆ ನಿಂತಿತ್ತು. ಮುಬಶಿರಾ ಡಬ್ಬಿಯ ಬಾಗಿಲು ಬಿಚ್ಚಿ, ಕೈಗಡಿಯಾರದ ಸೆಲ್ಲಿನಷ್ಟೇ ಇದ್ದ ಒಂದು ಬಿಲ್ಲೆಯನ್ನು ತೆಗೆದು, ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ತಾನೇ ಹೋಗಿ ಬೇರೆಯದನ್ನು ತಂದು ಕೂಡಿಸಿದಳು. ಮತ್ತೆ ಹಚ್ಚಿದಳು, ಮತ್ತೆ ಆರಿಸಿದಳು. ತಾಯವ್ವ ಎರಡು ಸಲ ಚಹಾ ಮಾಡಿದಳು. ಕಡೆಗೊಮ್ಮೆ ಸ್ಪೀಕರಿನಿಂದ ಮೂಗಿನಲ್ಲಿ ಮಾತಾಡುವ ಒಂದು ಗಂಡುದನಿ ಹೊರಟಿತು.

"ಯಾರಿದು, ನೆಗಡಿ ಹತ್ತಿದಾಂವ?" ಎಂದಳು ತಾಯವ್ವ.

ಮುಬಶಿರಾ ನಕ್ಕಳು. ಫಕೀರೇಶ ನಗಲಿಲ್ಲ. ಕುರ್ಚಿಯನ್ನು ತಡಕಿ ಹತ್ತಿರ ಎಳೆದುಕೊಂಡು, ಬಹಳ ದಿನಗಳ ಮೇಲೆ ಬರಿಯ ಕೀಲಿಗಳ ಮೇಲೆ ಬೆರಳಿಟ್ಟು ನಾಲ್ಕು ಕೀಲಿ ಒತ್ತಿದ. "ಮೊರಬ," ಎಂದಿತು ಯಂತ್ರ. ಅವನು ಹಾಗೇ ಮೇಜಿಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಕುಳಿತ. ಹೆಣ್ಣುಮಕ್ಕಳಿಬ್ಬರೂ ಬೇರೆ ಕಡೆ ನೋಡಿದರು.

ಹೊರಡುವಾಗ ತಾಯವ್ವ ಮುಬಶಿರಾಳ ಕೈ ಹಿಡಿದುಕೊಂಡಳು. "ಇದಕ್ಕೇನು ಕೊಡಬೇಕಾಕ್ಕೈತಿ ಯವ್ವಾ? ಇದನ್ನ ಮಾಡಿದಾವರಿಗೆ?"

"ಏನೂ ಇಲ್ಲ ಕಾಕಿ. ಇದನ್ನ ಯಾರೂ ಮಾರೂದಿಲ್ಲ. ಎಲ್ಲೆಲ್ಲೋ ಇರೂ ಮಂದಿ ಕೂಡಿ ಬರದು, ಬೇಕಾದಾವರು ತೊಗೋರಿ ಅಂತ ಬಿಟ್ಟಾರ."

"ಹೆಸರೇನು ಅವರದು?"

"ಭಾಳ ಮಂದಿ ಕಾಕಿ. ನನಗೂ ಗೊತ್ತಿಲ್ಲ."

ತಾಯವ್ವ ತುಸು ಯೋಚಿಸಿದಳು. "ಅರವಟಗಿ ಇದ್ದಂಗ ಅನ್ನು," ಎಂದಳು. "ಬ್ಯಾಸಗ್ಯಾಗ ಗಿಡದ ಬುಡಕ ಕೊಡಾ ತುಂಬಿಸಿ ಇಟ್ಟ ಹೋಗಿರ್ತಾರ. ಕುಡದಾವ ಯಾರಿಗೆ ಶರಣ ಅನಬೇಕು? ಗಿಡಕ್ಕ ಕೈ ಮುಗದು ಹೊಂಟ ಹೋಗೂದು."

ಅದು ಶ್ರಾವಣದ ಮಾತು. ಈಗ ಹತ್ತಿ ಬಿಡಿಸುವ ಕಾಲ. ನಡುವಿನ ನಾಲ್ಕು ತಿಂಗಳಲ್ಲಿ ಫಕೀರೇಶ ದಿನಾ ಪೇಪರು ಕೇಳಲು ಕಲಿತ, ಯಂತ್ರದ ದನಿ ಕೇಳುತ್ತ ಕನ್ನಡ ಹೊಡೆಯಲು ಕಲಿತ, ನೆಟ್ಟಿನಲ್ಲಿ ಪತ್ರ ಕಳಿಸಲು ಕಲಿತ. ಧಾರವಾಡದಲ್ಲಿ ವೃಂದಾ ಎಂಬ ಪ್ರೊಫೆಸರರೊಬ್ಬರು ಹಳ್ಳಿಯ ಹಿರಿಯರ ಮಾತುಗಳನ್ನು ರೆಕಾರ್ಡು ಮಾಡಿ ತರುತ್ತಿದ್ದಾರೆ, ಅವನ್ನು ಕೇಳಿ ಇದ್ದದ್ದು ಇದ್ದ ಹಾಗೆ ಬರೆದುಕೊಡುವವರು ಬೇಕಾಗಿದ್ದಾರೆ ಎಂದು ಮುಬಶಿರಾಳೇ ತಿಳಿಸಿದ್ದಳು. ಅವರು ಪರೀಕ್ಷೆಗೆಂದು ಹತ್ತು ಮಿನಿಟಿನ ಒಂದು ರೆಕಾರ್ಡು ಕಳಿಸಿದ್ದರು. ಬಮ್ಮಿಗಟ್ಟಿಯ ಒಬ್ಬ ಮುದುಕರು ಎತ್ತುಗಳ ಬಗ್ಗೆ ಮಾತಾಡಿದ್ದು. ಶನಿವಾರ ನಾಲ್ಕು ಗಂಟೆಯೊಳಗೆ ಬರಬೇಕು. ಚೆನ್ನಾಗಿದ್ದರೆ ಕೆಲಸ ಖಾಯಂ.

ಶುಕ್ರವಾರ ಸಂಜೆ ಕಂಪ್ಯೂಟರು, ಹೊಸ ಸುಧಾರಣೆಗಳು ಬಂದಿವೆ, ಹಾಕಿಕೊಳ್ಳಲೇ ಎಂದು ಕೇಳಿತ್ತು. ಫಕೀರೇಶ ಹೂಂ ಎಂದು ಒತ್ತಿ ಎದ್ದಿದ್ದ. ಶನಿವಾರ ಮಧ್ಯಾಹ್ನ ಅದು ಮೂಕವಾಗಿತ್ತು.

ಸಿಟ್ಟು ಇಳಿದ ಮೇಲೆ ಅವನು ಒಂದೊಂದೇ ತಡಕಿ ನೋಡತೊಡಗಿದ. ಮೊದಲು ಹಿಂದಿನಿಂದ ಸ್ಪೀಕರಿನ ವೈರನ್ನು ಕಿತ್ತು, ಅದರ ತುದಿಗೆ ಬೆರಳು ಮುಟ್ಟಿಸಿದ. ಸ್ಪೀಕರು ಗುಂಯ್ ಎಂದಿತು.

"ಸ್ಪೀಕರ್ ಛಲೋ ಅದಾವು. ವೈರೂ ಛಲೋ ಐತಿ," ಎಂದ. "ಯವ್ವಾ, ಇದು ಯಾ ಬಣ್ಣದ ತೂತಿನ್ಯಾಗ ಇತ್ತು?"

"ಹಸರು."

"ಹಂಗಾರ ಬರೋಬರಿ ಹಾಕಿದ್ದಿ." ವೈರನ್ನು ತಿರುಗಿ ಸಿಕ್ಕಿಸುತ್ತ ಹೇಳಿದ, "ನಿನ್ನ ತಪ್ಪಲ್ಲ ಬಿಡಬೇ. ಒಳಗ ಏನೋ ಆಗೇತಿ."

ಆರಿಸಿ ಹಚ್ಚಿದ. ಏನೂ ಆಗಲಿಲ್ಲ. ಬಟನ್ ಫೋನು ತೆಗೆದು ಮುಬಶಿರಾಳ ನಂಬರು ಮತ್ತೆ ಮತ್ತೆ ಒತ್ತಿದ. ಫೋನು ಬಂದಾಗಿತ್ತು. ಕಾಲೇಜಿನಲ್ಲಿ ಪರೀಕ್ಷೆ, ತನಗೆ ಐದರ ತನಕ ಕೋಣೆಯ ಕಾವಲು ಎಂದು ಅವಳು ಮೊದಲೇ ಹೇಳಿದ್ದು ನೆನಪಾಯಿತು.

ತಾಯವ್ವ ಬೀದಿಗೆ ಇಳಿದು ನೋಡಿದಳು. ಬಾಜೂ ಮನೆಯ ಸಿದ್ಧಲಿಂಗ ಕಾಲೇಜು ಕಲಿತವನು. ಅವನು ಕುಂದಗೋಳಕ್ಕೆ ಹೋಗಿದ್ದಾನೆಂದು ಅವನ ಹೆಂಡತಿ ಹೊಲಕ್ಕೆ ಹೊರಡುತ್ತ ಹೇಳಿ ಹೋದಳು. ಶನಿವಾರದ ಮುಂಜಾನೆಯ ಶಾಲೆ ಮುಗಿದು ಬೀಗ ಬಿದ್ದಿತ್ತು. ಓಣಿಯ ಮನೆಗಳಿಗೂ ಬೀಗ. ದೊಡ್ಡವರು, ಸಣ್ಣವರು ಎಲ್ಲರೂ ಹತ್ತಿಯ ಹೊಲದಲ್ಲಿದ್ದರು. ಅವಳೂ ಹೋಗಬೇಕಾಗಿತ್ತು, ಮಗನ ಪರೀಕ್ಷೆ ಎಂದು ಉಳಿದಿದ್ದಳು.

"ಬಸ್‌ಸ್ಟ್ಯಾಂಡಿನ ತನಕ ಹೋಗಿ ಯಾರನ್ನರ ಕರಕೊಂಡು ಬರ್ಲೇನು?"

"ಯಾರಂತ ಕರಕೊಂಡ ಬರ್ತಿ? ಅವರಿಗಿದು ತಿಳೀಬೇಕು, ಅವರು ಬರಬೇಕು." ಫಕೀರೇಶ ಬೆರಳುಗಳಿಂದ ಮೇಜು ಬಡಿಯುತ್ತ ಕುಳಿತ. ಒಂದು ಗಂಟೆ ಹೊಡೆದಿತ್ತು. ಆಮೇಲೆ ಕೈ ನಿಲ್ಲಿಸಿ, "ಯವ್ವಾ, ನೀನ ಬಾ. ಇಲ್ಲಿ ಕುಂದ್ರು," ಎಂದ.

"ನಾ ಕುಂತೇನ್ ಮಾಡ್ಲೋ ತಮ್ಮಾ? ನನಗ ಓದಾಕ ಬರೂದಿಲ್ಲ. ಈಗರ ನೀನ ಅಂದಿ."

"ಅಂದೆ. ತಪ್ಪಾತು." ಅವನು ಕೈ ಚಾಚಿ ಗಾಳಿಯಲ್ಲಿ ಅವಳನ್ನು ಹುಡುಕಿದ. "ಓದೂದು ಬ್ಯಾಡಬೇ. ಹೆಂಗ ಕಾಣಸ್ತೈತಿ ಅಷ್ಟ ಹೇಳು. ಬೆರಳು ನಂದು, ಕಣ್ಣು ನಿಂದು."

ತಾಯವ್ವ ಕೈಗೆ ಹತ್ತಿದ ಹಿಟ್ಟು ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡು, ಜೋಳದ ಚೀಲವನ್ನು ಮೇಜಿನ ಹತ್ತಿರ ದೂಡಿ ಅದರ ಮೇಲೆ ಕುಳಿತಳು. ಅಷ್ಟು ದಿನ ಧೂಳು ಒರೆಸಿದ್ದ ಗಾಜನ್ನು ಅವಳು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬ್ಯಾಂಕಿನ ಕಿಟಕಿಯ ಮುಂದೆ ನಿಂತಾಗಲೂ ಹೀಗೇ ಮಾಡುತ್ತಿದ್ದಳು.

ಫಕೀರೇಶ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದ. "ಏನಾತು?"

"ಕರೇದೊಂದು ಚೌಕ ಬಂತು. ಹಲಗಿ ಇದ್ದಂಗ."

"ಹಾಂ, ಅದ. ಈಗ ನಾ ಹೊಡೀತೇನಿ ನೋಡು." ಮುಬಶಿರಾ ಒಮ್ಮೆ ಬಾಯಿಪಾಠ ಮಾಡಿಸಿದ್ದ ಆಜ್ಞೆಯನ್ನು ಅವನು ಅಕ್ಷರ ಅಕ್ಷರ ಹೊಡೆದ. ದನಿಯನ್ನು ಏರಿಳಿಸುವ ಫಲಕ ಅದರಿಂದ ತೆರೆಯಬೇಕು. "ಈಗೇನಾತು?"

"ಸಣ್ಣವು ಬಿಳೇ ಅಕ್ಷರ ಬಂದ್ವು. ಒಂದ ಸಾಲು. ಮತ್ತ ಸುಮ್ಮನ ಕುಂತೈತಿ."

"ಹಲಗಿ ಹಂಗ ಐತಿ? ಬ್ಯಾರೆ ಏನೂ ಬರಲಿಲ್ಲ?"

"ಏನೂ ಇಲ್ಲ."

"ಹಂಗಾರ ಎಲ್ಲೋ ತಪ್ಪು ಹೊಡದೇನಿ." ಯಂತ್ರ ಒಂದೊಂದು ಅಕ್ಷರವನ್ನೂ ಹೇಳುತ್ತಿದ್ದುದಕ್ಕೆ ಈ ನಾಲ್ಕು ತಿಂಗಳಲ್ಲಿ ಅವನು ಹೊಂದಿಕೊಂಡುಬಿಟ್ಟಿದ್ದ, ಹೇಳದಿದ್ದಾಗ ಬೆರಳು ಅಂಜುತ್ತಿತ್ತು. ಕೈ ಕೊಡವಿಕೊಂಡು ಮತ್ತೆ ನಿಧಾನವಾಗಿ ಹೊಡೆದ.

ತಾಯವ್ವ ಹಿಂದಕ್ಕೆ ಸರಿದಳು. "ಅಯ್ಯ! ತುಂಬ ಕಂಬ ನಿಂತ್ವು!"

"ಎಂಥಾ ಕಂಬ? ಹೇಳಬೇ, ಹೇಳು."

"ಸಾಲಾಗಿ ನಿಂತಾವು. ಜ್ವಾಳದ ದಂಟಿನಂಗ. ಬುಡಕ ಹಸರು, ನಡುವ ಬಿಳೇದು, ತುದೀಗೆ ಕೆಂಪು. ಕೆಲವು ತುಂಬ್ಯಾವು, ಕೆಲವು ಖಾಲಿ ಅದಾವು, ಬರೇ ಗೆರಿ."

ಫಕೀರೇಶನ ಬೆನ್ನು ನೆಟ್ಟಗಾಯಿತು. "ಬಂದೇವಿ ನೋಡು ಜಾಗಾಕ್ಕ. ಈಗ ಎಡಗಡಿಯಿಂದ ಎಣಸು. ಒಂದನೇದು ಹೆಂಗೈತಿ?"

"ತುಂಬೈತಿ. ಬುಡದಾಗ ಒಂದು ಸಣ್ಣ ಡಬ್ಬಿ ಐತಿ. ಅದರಾಗ ಎರಡು ಬಳಿ ಇಟ್ಟಾರ. ಬಾಜೂಬಾಜೂಕ, ದುಂಡಕ."

"ಎರಡನೇದು?"

"ಅದು ಖಾಲಿ. ಅದರ ಡಬ್ಬ್ಯಾಗ ಬಳಿ ಇಲ್ಲ. ಬ್ಯಾರೆ ಏನೋ ಐತಿ."

"ಏನೈತಿ?"

ತಾಯವ್ವ ಗಾಜಿಗೆ ಮೂಗು ತಾಗುವಷ್ಟು ಬಾಗಿದಳು. ಅದು ಏನೆಂದು ಹೇಗೆ ಹೇಳುವುದು? ಅವಳು ಹೆಸರಿಲ್ಲದ ವಸ್ತುವನ್ನು ಕಂಡವಳಲ್ಲ. ಹೊಲದಲ್ಲಿ, ಮನೆಯಲ್ಲಿ, ಸಂತೆಯಲ್ಲಿ ಎಲ್ಲದಕ್ಕೂ ಒಂದು ಹೆಸರಿತ್ತು. "ಎರಡು ಗೂಟ ಅದಾವು," ಎಂದಳು ನಿಧಾನವಾಗಿ. "ನಿಂತ ಗೂಟ. ಅವುರ ನಡುವ..."

"ನಡುವ ಏನೈತಿ? ಅಡ್ಡ ಗೆರಿ ಐತೇನು, ಏಣಿಗೆ ಇದ್ದಂಗ?"

"ಅಡ್ಡ ಅಲ್ಲ. ಓರಿ. ಎರಡೂ ಕಡಿಯಿಂದ ಇಳಕೊಂಡು ಬಂದು ನಡುವ ಕೂಡ್ಯಾವು."

"ಮ್ಯಾಲಿಂದ ಇಳದಾವೋ, ಕೆಳಗಿಂದ ಏರ‍್ಯಾವೋ? ನೋಡಿ ಹೇಳಬೇ."

"ಮ್ಯಾಲಿಂದ." ಅವಳ ಮುಖ ಒಮ್ಮೆಲೆ ಅರಳಿತು. "ಜೋಳಿಗಿ ಕಟ್ಟಿದಂಗ ಐತೋ ತಮ್ಮಾ! ಹೊಲದಾಗ ಎರಡು ಗೂಟ ಬಡದು, ನಡುವ ಸೀರಿ ಕಟ್ಟಿ ಕೂಸು ಮಲಗಸ್ತಿದ್ವಲ್ಲಾ, ಜೋಲು ಬಿಡೂದಿಲ್ಲೇನು ಅದು, ಹಂಗ! ನಿನ್ನೂ ಹಂಗ ಮಲಗಸೇನಿ. ಅಂಥಾವು ಎರಡು ಜೋಳಿಗಿ ಬಾಜೂಬಾಜೂಕ."

ಫಕೀರೇಶ ಗಾಳಿಯಲ್ಲಿ ಬೆರಳಿನಿಂದ ಬರೆದುಕೊಂಡ: ಒಂದು ಗೂಟ, ಇಳಿಜಾರು, ಏರು, ಮತ್ತೊಂದು ಗೂಟ.

"ಎಮ್," ಎಂದ. "ಎರಡು ಎಮ್. ಬಾಯಿ ಮುಚ್ಚೇತಿ ಅಂತ ಅದರ ಅರ್ಥ. ಬಳಿ ಇದ್ದಲ್ಲಿ ಬಾಯಿ ತಗದೈತಿ, ಜೋಳಿಗಿ ಇದ್ದಲ್ಲಿ ಮುಚ್ಚೇತಿ." ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ನಿನ್ನಿ ಹೊಸಾದು ಹಾಕ್ಕೊಳ್ಳೂ ಮುಂದ ತಾನ ಬಾಯಿ ಮುಚಗೊಂಡು ಕುಂತೈತಿ ಇದು. ಯವ್ವಾ, ಕಂಬದ ಕೆಳಗ ಒಂದು ಹೆಸರು ಕೆಂಪಗ ಇರಬೇಕಲಾ?"

"ಐತಿ. ಒಂದನೇದರ ಕೆಳಗ."

ಅವನು ಬಲಗಡೆಯ ಬಾಣದ ಕೀಲಿ ಒತ್ತಿದ. "ಈಗ?"

"ಕೆಂಪು ಎರಡನೇದಕ್ಕ ಸರೀತು."

ಅವನು 'ಎಮ್' ಕೀಲಿ ಒತ್ತಿದ.

"ಜೋಳಿಗಿ ಹೋಗಿ ಬಳಿ ಬಂದ್ವು!" ತಾಯವ್ವ ಚೀಲದ ಮೇಲಿಂದ ಅರ್ಧ ಎದ್ದಳು.

ಮೇಲಿನ ಬಾಣವನ್ನು ಒತ್ತಿ ಹಿಡಿದ. ಖಾಲಿಯಾಗಿದ್ದ ಕಂಬದಲ್ಲಿ ಹಸಿರು ಏರುತ್ತಿದೆ, ಬಿಳಿ ಮುಟ್ಟಿತು, ಕೆಂಪು ಬಂತು ಎಂದು ಅವಳು ಹೇಳುತ್ತಲೇ ಹೋದಳು. ಇಬ್ಬರೂ ಕಿವಿಗೊಟ್ಟರು. ಸ್ಪೀಕರು ಮಾತಾಡಲಿಲ್ಲ.

ಫಕೀರೇಶ ಕೈ ಬಿಟ್ಟ. ಹೊರಗೆ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಕಿಟಕಿ ಅದುರಿಸುತ್ತ ಹೋಯಿತು. ಅವನು ಕುರ್ಚಿಗೆ ಒರಗಿ, "ಬಿಡಬೇ ಯವ್ವಾ," ಎಂದ. "ಹಣೇಬರಾ."

"ಲೇ, ಏನ್ ಬಿಡೂದು? ಇನ್ನೂ ಕಂಬ ಅದಾವಲ್ಲೋ," ಎಂದಳು ತಾಯವ್ವ. ಅವಳು ಗಾಜಿನಿಂದ ಕಣ್ಣು ತೆಗೆದಿರಲಿಲ್ಲ. "ನಾಕನೇದರಾಗೂ ಜೋಳಿಗಿ ಐತಿ. ಸರಸು ಅತ್ಲಾಗ."

ಅವನು ಬಾಣ ಒತ್ತಿದ. ಒಮ್ಮೆ, ಇನ್ನೊಮ್ಮೆ.

"ನಿಲ್ಲು. ಇದ."

ಎಮ್ ಒತ್ತಿದ. "ಬಳಿ ಬಂದ್ವು," ಎಂದಳು. ಮೇಲಿನ ಬಾಣಕ್ಕೆ ಬೆರಳು ತಾಗಿಸಿದ್ದೇ ತಡ, ಯಾವುದೋ ಶಬ್ದದ ನಡುವಿನಿಂದ, ಮೂಗಿನಲ್ಲಿ, ಒರಟಾಗಿ, ದನಿ ಹೊರಟುಬಿಟ್ಟಿತು. ಇಂಗ್ಲಿಷಿನಲ್ಲಿ ಏನೋ ಅಂಕಿ ಹೇಳುತ್ತಿತ್ತು. ಅದೇ ನೆಗಡಿಯ ದನಿ.

ತಾಯವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಫಕೀರೇಶ ನಗತೊಡಗಿದ. ಕಣ್ಣು ಹೋದ ಮೇಲೆ ಅವನು ಹಾಗೆ ನಕ್ಕಿದ್ದನ್ನು ಅವಳು ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ತಲೆ ಹಿಂದೆ ಮಾಡಿ ನಕ್ಕ. ಅವಳಿಗೂ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಯಂತ್ರ ಯಾರನ್ನೂ ಲೆಕ್ಕಿಸದೆ ತನ್ನ ಅಂಕಿ ಹೇಳುತ್ತಲೇ ಇತ್ತು.

ಎರಡೂಕಾಲು ಆಗಿತ್ತು. "ರೊಟ್ಟಿ ಹಚ್ಚಿಕೊಡ್ಲಿ?" ಎಂದರೆ, "ಕಳಿಸಿದ ಮ್ಯಾಲ," ಎಂದ. ಅವಳು ಏಳಲು ನೋಡಿದಾಗ, "ನೀ ಇಲ್ಲೇ ಕುಂದ್ರಬೇ," ಎಂದ.

ಬಮ್ಮಿಗಟ್ಟಿಯ ಮುದುಕರಿಗೆ ಹಲ್ಲಿರಲಿಲ್ಲ. ಮೂರು ಕಡೆ ಮಾತು ತಿಳಿಯದೆ ಫಕೀರೇಶ ಜಾಗ ಬಿಟ್ಟಿದ್ದ. ಆ ತುಣುಕನ್ನು ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದಾಗ ತಾಯವ್ವ ಪಕ್ಕದಿಂದ, "ಜತ್ತಿಗಿ ಅನ್ನಾಕತ್ತಾನೋ ಅಂವ," ಎಂದಳು.

"ಏನು?"

"ಜತ್ತಿಗಿ. ಎತ್ತಿನ ಕೊಳ್ಳ ನೊಗಕ್ಕ ಕಟ್ಟೂ ಪಟ್ಟಿ. ನಿಮ್ಮಪ್ಪ ಸೆಣಬಿಲೆ ತಾನ ಹೆಣೀತಿದ್ದ. ಟ್ರ್ಯಾಕ್ಟರ್ ಬಂದ ಮ್ಯಾಲ ಹುಟ್ಟಿದಾವರಿಗೆ ಎಲ್ಲಿ ತಿಳೀಬೇಕು."

ಉಳಿದ ಎರಡನ್ನೂ ಅವಳೇ ಹೇಳಿದಳು. ನಾಲ್ಕಕ್ಕೆ ಇಪ್ಪತ್ತು ಮಿನಿಟು ಇರುವಾಗ ಬರಹ ಧಾರವಾಡಕ್ಕೆ ಹೋಯಿತು. ಹೋಯಿತು ಎಂದು ಯಂತ್ರವೇ ಹೇಳಿತು. ಆಮೇಲೆ ಇಬ್ಬರೂ ತಣ್ಣಗಾದ ರೊಟ್ಟಿಯನ್ನು ಹೆಸರುಕಾಳಿನ ಪಲ್ಯದೊಂದಿಗೆ ಉಂಡರು. ಒಂದು ಕಡೆ ಕರಿಯಾಗಿದ್ದ ರೊಟ್ಟಿಯನ್ನು ತಾಯವ್ವ ತನ್ನ ತಾಟಿಗೆ ಹಾಕಿಕೊಂಡಿದ್ದಳು. ಫಕೀರೇಶ ತಡಕಿ ಅದನ್ನು ಅರ್ಧ ಮುರಿದುಕೊಂಡ.

ಮರುದಿನ ಮುಬಶಿರಾ ಬಂದಳು. ಹಿಂದಿನ ಸಂಜೆ ಆರಕ್ಕೆ ಫೋನು ತೆರೆದಾಗ ಫಕೀರೇಶ ಏಳು ಸಲ ಕರೆ ಮಾಡಿದ್ದನೆಂಬ ಮೆಸೇಜು ಅದರಲ್ಲಿತ್ತು. ಅವಳು ಗಾಬರಿಯಾಗಿದ್ದಳು. ನಡೆದದ್ದನ್ನೆಲ್ಲ ಅವನು ಹೇಳುತ್ತಿದ್ದಂತೆ ಅವಳು ಒಮ್ಮೆ ಅವನನ್ನು, ಒಮ್ಮೆ ತಾಯವ್ವನನ್ನು ನೋಡಿದಳು.

"ಪರದೆ ಯಾರು ಓದಿದ್ರು?"

"ನಮ್ಮವ್ವ ಓದಿದ್ಲು," ಎಂದ ಫಕೀರೇಶ.

"ಕಾಕಿ?"

"ನಮ್ಮವ್ವನ ಓದಿದ್ಲು," ಎಂದು ಮತ್ತೆ ಹೇಳಿದ, ಸ್ವಲ್ಪ ಜೋರಾಗಿ, ಒಲೆಯ ತನಕ ಕೇಳುವ ಹಾಗೆ.

ತಾಯವ್ವ ತಲೆ ಎತ್ತಲಿಲ್ಲ. ಸೆರಗಿನ ತುದಿಯಿಂದ ಚಹಾದ ಪಾತ್ರೆ ಹಿಡಿದು ಕಪ್ಪಿಗೆ ಬಗ್ಗಿಸುತ್ತಿದ್ದಳು. ಬಶಿಗೆ ಒಂದಿಷ್ಟು ಚಹಾ ಚೆಲ್ಲಿತು.

ಮುಬಶಿರಾ ಕಂಪ್ಯೂಟರಿನ ಮುಂದೆ ಕುಳಿತು ನೋಡಿದಳು. "ಎಲ್ಲಾ ಬರೋಬರಿ ಮಾಡೀರಿ ಅಣ್ಣಾ. ಆದ್ರ ಉಳಸಿ ಇಟ್ಟಿಲ್ಲ. ನಾಳೆ ಆರಿಸಿ ಹಚ್ಚಿದರ ಮತ್ತ ಬಾಯಿ ಮುಚಗೋಬಹುದು." ಉಳಿಸುವ ಆಜ್ಞೆಯನ್ನು ಅವನಿಂದಲೇ ಎರಡು ಸಲ ಹೊಡೆಸಿದಳು. ಹಾಗೇ, ಯಂತ್ರ ಇನ್ನೊಮ್ಮೆ ಮೂಕವಾದರೆ ಎರಡೇ ಕೀಲಿಯಿಂದ ಎಲ್ಲ ಬಾಯಿಗಳೂ ತೆರೆಯುವಂತೆ ಒಂದು ವ್ಯವಸ್ಥೆ ಮಾಡಿದಳು. "ಗೌತಮಿಗೂ ಇದನ್ನ ಮಾಡಿಕೊಡಬೇಕು. ನೀವು ಮುಂದ ಹೋಗಿ ಎಡವಿದ್ದು ಛಲೋ ಆತು, ಆಕಿಗೆ ಒಂದು ದಾರಿ ಆತು," ಎಂದಳು.

ಹೊರಡುವಾಗ ತಾಯವ್ವ ಅವಳ ಕೈಗೆ ಒಂದು ಹೊರೆ ಹಸಿ ಕಡ್ಲಿ ಗಿಡ ಕೊಟ್ಟಳು. ಬೇರಿನ ಕಪ್ಪು ಎರೆಮಣ್ಣು ಇನ್ನೂ ಹಸಿಯಾಗಿತ್ತು.

"ಇಷ್ಟ್ಯಾಕ ಕಾಕಿ? ನಿನ್ನಿ ನಾ ಏನೂ ಮಾಡಿಲ್ಲ."

"ನಿನಗಷ್ಟ ಅಲ್ಲ ತೊಗೊ. ಅರ್ಧ ಆ ಹುಡುಗಿಗೆ. ಗೌತಮಿಗೆ. ನಾ ಆಕಿ ಮುಖಾ ನೋಡಿಲ್ಲ, ಆಕಿ ನಂದು ನೋಡೂದಿಲ್ಲ. ತಿಂದರ ಸಾಕು." ತಾಯವ್ವ ಸೇರಿಸಿದಳು, "ಉಳಿದಾವರು ಎಲ್ಲೆಲ್ಲೋ ಅದಾರ ಅಂದ್ಯಲ್ಲ, ಅವರ ಹೆಸರಿಲೆ ಯಾರಿಗರ ನಾಕ ಕಡ್ಲಿ ಸುಲಗಾಯಿ ಕೊಡು ದಾರ‍್ಯಾಗ."

ಮುಬಶಿರಾ ಹೊರೆಯನ್ನು ಎದೆಗೆ ಅವಚಿಕೊಂಡು ಓಣಿ ಇಳಿದುಹೋದಳು. ಅವಳು ತಿರುವಿನಲ್ಲಿ ಎದುರಾದ ಯಾರಿಗೋ ಒಂದು ಗಿಡ ಕಿತ್ತು ಕೊಟ್ಟಿದ್ದು ಬಾಗಿಲಲ್ಲಿ ನಿಂತ ತಾಯವ್ವನಿಗೆ ಕಾಣಿಸಿತು.

ಬುಧವಾರ ಧಾರವಾಡದಿಂದ ಫೋನು ಬಂತು. ವೃಂದಾ ಮೇಡಮ್ಮರೇ ಮಾತಾಡಿದರು. ಬರಹ ಒಪ್ಪಿಗೆಯಾಗಿದೆ, ವಾರಕ್ಕೆ ಎರಡು ರೆಕಾರ್ಡು ಕಳಿಸುತ್ತೇವೆ ಎಂದರು. ಜತ್ತಿಗಿ ಎಂಬ ಶಬ್ದವನ್ನು ಪರೀಕ್ಷೆಗೆ ಕೂತ ಉಳಿದವರೆಲ್ಲ ಬಿಟ್ಟಿದ್ದರಂತೆ ಅಥವಾ ತಪ್ಪು ಬರೆದಿದ್ದರಂತೆ. ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದರು. ಫಕೀರೇಶ, "ಮನ್ಯಾಗ ಬಲ್ಲಾವರು ಅದಾರ್ರಿ ಮೇಡಂ," ಎಂದ.

ಹತ್ತಿ ಮುಗಿದು ಜೋಳ ಹೊಡೆ ಹಾಯ್ದು ತೆನೆ ಬಿಡುವ ಹೊತ್ತಿಗೆ ಅವನು ಐದಾರು ರೆಕಾರ್ಡು ಬರೆದು ಕಳಿಸಿದ್ದ. ಕಿವಿ ಪಳಗಿತ್ತು. ಯಂತ್ರದ ಮಾತಿನ ವೇಗವನ್ನು ಏರಿಸುತ್ತ ಏರಿಸುತ್ತ, ಈಗ ಅದು ಹೇಳುವುದು ಬೇರೆಯವರಿಗೆ ಹೆಂಚಿನ ಮೇಲೆ ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಕೇಳಿ, ತಲೆ ಅಲ್ಲಾಡಿಸಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ತಾಯವ್ವ ಹೊಲದಿಂದ ಬಂದು, ಕಾಲು ತೊಳೆದುಕೊಂಡು, ಗೋಡೆಗೊರಗಿ ಕುಳಿತು ಅಕ್ಕಡಿ ಸಾಲಿನಲ್ಲಿ ಬೆಳೆದ ಕಾಳನ್ನು ಮೊರದಲ್ಲಿ ಹಸನು ಮಾಡುತ್ತಿದ್ದಳು. ಫಕೀರೇಶ ದೇವಿಕೊಪ್ಪದ ಒಬ್ಬ ಸೂಲಗಿತ್ತಿಯ ಮಾತುಗಳನ್ನು ಬರೆದು ಮುಗಿಸಿ, ಮೊದಲಿನಿಂದ ಒಮ್ಮೆ ಕೇಳುತ್ತಿದ್ದ.

"ಏನಂತ ಹೇಳಾಕತ್ತೈತಿ ಅದು?" ಎಂದಳು ತಾಯವ್ವ ಮೊರದಿಂದ ತಲೆ ಎತ್ತದೆ.

"ಒಬ್ಬಾಕಿ ಸೂಲಗಿತ್ತಿ ಮಾತಬೇ. ಮೂರೂರಿಗೆ ಒಬ್ಬಾಕೀನ ಇದ್ಲಂತ."

"ನನಗೊಂದು ಅಕ್ಷರ ತಿಳೀವಲ್ದು."

ಫಕೀರೇಶನ ಕೈ ನಿಂತಿತು. ಅವನು ಎಲ್ಲೋ ಒಳಗೆ ಹೋಗಿ ಏನೋ ಬದಲಿಸಿದ. ಆಮೇಲೆ ಕೆಳಗಿನ ಬಾಣವನ್ನು ಒಮ್ಮೆ ಒತ್ತಿದ. ಮೂಗಿನ ದನಿ ಈಗ ನಿಧಾನವಾಗಿ, ಶಬ್ದ ಶಬ್ದ ಬಿಡಿಸಿ ಹೇಳಿತು:

"ನಮ್ಮತ್ತಿ ನನ್ನ ಮೊದಲ ಸಲ ಕರಕೊಂಡು ಹೋದಾಗ ನನಗ ಹದಿನಾರು ವರ್ಷ."

"ಹ್ಞೂಂ," ಎಂದಳು ತಾಯವ್ವ.

ಅವನು ಮತ್ತೆ ಬಾಣ ಒತ್ತಿದ. "ಬಿಸಿನೀರು ಹಿಡಕೊಂಡು ನಿಲ್ಲು, ಕಣ್ಣು ಮುಚ್ಚಬ್ಯಾಡ ಅಂದ್ಲು."

"ಹ್ಞೂಂ."

ಕಾಳಿನಲ್ಲಿದ್ದ ಒಂದು ಹರಳನ್ನು ಅವಳು ಆರಿಸಿ ಹೊರಗೆ ಒಗೆದಳು. ಫಕೀರೇಶ ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡು, ಅವಳ ಹ್ಞೂಂ ಬಂದ ಮೇಲೆಯೇ ಮುಂದಿನ ಸಾಲಿಗೆ ಹೋಗುತ್ತಿದ್ದ.